ಒಂದು ಮನೆ ಎರಡಾದ ಬಗೆ: ವಿಪ್ರೋ ಸಂಸ್ಥೆಯ ವಿಭಜನೆಯ ಇತಿಹಾಸ

ಹಳ್ಳಿಯ ಕೂಡುಕುಟುಂಬದಲ್ಲಿ ಅಣ್ಣತಮ್ಮಂದಿರು ಬೇರೆಯಾಗುವ ದಿನ ಪಂಚರ ಸಮ್ಮುಖದಲ್ಲಿ ಪಾಲುಪಟ್ಟಿ ಬರೆಯುವುದು ಈ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ತರಿ ಯಾರಿಗೆ, ಖುಷ್ಕಿ ಯಾರಿಗೆ, ಬಾವಿಯ ನೀರಿನ ಸರದಿ ಹೇಗೆ, ತಂದೆ ಮಾಡಿದ ಸಾಲದ ಹೊಣೆ ಯಾರದು, ಮನೆಯಲ್ಲಿ ದುಡಿಯುತ್ತಿದ್ದ ಆಳುಮಗ ಇನ್ನು ಯಾರ ಹೊಲಕ್ಕೆ ಹೋಗಬೇಕು ಎಂಬ ಪ್ರಶ್ನೆಗಳಿಗೆಲ್ಲ ಆ ಕಾಗದದಲ್ಲಿ ಉತ್ತರವಿರಬೇಕು. ಒಂದು ಅಂಶ ಮರೆತರೂ ಮುಂದಿನ ತಲೆಮಾರು ನ್ಯಾಯಾಲಯದ ಮೆಟ್ಟಿಲು ಹತ್ತುವುದು ಖಂಡಿತ. ವ್ಯಾಪಾರೋದ್ಯಮ ಸಂಸ್ಥೆಗಳ ಬದುಕಿನಲ್ಲಿಯೂ ಇಂಥದೇ ಘಟ್ಟವೊಂದು ಬರುವುದುಂಟು. ವಾಣಿಜ್ಯ ಪರಿಭಾಷೆಯಲ್ಲಿ ಡಿಮರ್ಜರ್ ಎಂದು ಕರೆಯಲ್ಪಡುವ ಈ ಕ್ರಿಯೆಯಲ್ಲಿ ಒಂದು ಕಂಪನಿ ತನ್ನ ಕೆಲವು ಉದ್ಯಮಗಳನ್ನು ಆಸ್ತಿ, ಸಾಲ, ನೌಕರವರ್ಗ ಸಹಿತವಾಗಿ ಮತ್ತೊಂದು ಕಂಪನಿಗೆ ಒಪ್ಪಿಸಿಬಿಡುತ್ತದೆ. ಮೊದಲನೆಯ ಕಂಪನಿಯ ಷೇರುದಾರರಿಗೆ ಅದರ ಪ್ರತಿಫಲವಾಗಿ ಎರಡನೆಯ ಕಂಪನಿಯಲ್ಲಿ ಪಾಲು ದೊರೆಯುತ್ತದೆ.

ಈ ಮಾತು ಸಾಮಾನ್ಯ ನಾಗರಿಕನ ಜೀವನಕ್ಕೆ ದೂರವಾದುದೆಂದು ಭಾವಿಸಬೇಕಾಗಿಲ್ಲ. ವಿಜಯನಗರದಲ್ಲಾಗಲಿ ಬಸವೇಶ್ವರನಗರದಲ್ಲಾಗಲಿ ಪ್ರತಿ ಮನೆಗೂ ತಿಂಗಳಿಗೊಮ್ಮೆ ಬರುವ ವಿದ್ಯುತ್ ಬಿಲ್ಲೇ ಇದಕ್ಕೆ ಸಾಕ್ಷಿ. 1957ರಲ್ಲಿ ಸ್ಥಾಪಿತವಾಗಿದ್ದ ವಿದ್ಯುಚ್ಛಕ್ತಿ ಮಂಡಲಿಯ ಸ್ಥಾನದಲ್ಲಿ 1999ರಲ್ಲಿ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮ ಬಂದಿತು. 2002ರ ಜೂನ್ 1ರಿಂದ ವಿತರಣೆಯ ಕಾರ್ಯವು ಅದರಿಂದ ಬೇರ್ಪಟ್ಟು ಬೆಂಗಳೂರು, ಮಂಗಳೂರು, ಹುಬ್ಬಳ್ಳಿ, ಕಲಬುರಗಿಗಳ ಪ್ರತ್ಯೇಕ ಕಂಪನಿಗಳಿಗೆ ಹಂಚಿಹೋಯಿತು. ಕಂಬವೂ ತಂತಿಯೂ ಅವೇ, ಮೀಟರು ನೋಡಲು ಬರುವ ನೌಕರನೂ ಆತನೇ ಇದ್ದರೂ, ಬಿಲ್ಲಿನ ಮೇಲಣ ಹೆಸರು ಮಾತ್ರ ಬೆಸ್ಕಾಂ ಎಂದಾಯಿತು. ಸರ್ಕಾರದ ಇಚ್ಛೆಯಿಂದ ನಡೆದ ವಿಭಜನೆ ಅದು. ಖಾಸಗಿ ಕ್ಷೇತ್ರದಲ್ಲಿ, ತನ್ನದೇ ಇಚ್ಛೆಯಿಂದ ಎರಡಾದ ಸಂಸ್ಥೆಗಳಲ್ಲಿ ಬೆಂಗಳೂರಿನ ವಿಪ್ರೋ ಪ್ರಮುಖವಾದುದು. ಇಂದು ಜಗತ್ತಿನಾದ್ಯಂತ ಮಾಹಿತಿ ತಂತ್ರಜ್ಞಾನ ಸಂಸ್ಥೆಯೆಂದು ಹೆಸರಾಗಿರುವ ವಿಪ್ರೋ ಲಿಮಿಟೆಡ್, ಶುದ್ಧ ತಂತ್ರಜ್ಞಾನ ಸಂಸ್ಥೆಯಾದುದು 2013ರಲ್ಲಿ, ಅಂದರೆ ಹುಟ್ಟಿ ಅರವತ್ತೇಳು ವರ್ಷಗಳು ಕಳೆದ ಮೇಲೆ. ಆ ದೀರ್ಘ ಪ್ರಯಾಣವನ್ನು ಪರಿಚಯಿಸುವುದೇ ಈ ಲೇಖನದ ಉದ್ದೇಶ.

ಎಣ್ಣೆಯ ಗಿರಣಿಯಿಂದ ಆರಂಭ

ಮಹಾರಾಷ್ಟ್ರದ ಜಳಗಾಂವ ಜಿಲ್ಲೆಯ ಅಮಳನೇರ್ ಎಂಬ ಚಿಕ್ಕ ಪಟ್ಟಣದಲ್ಲಿ 1945ರ ಡಿಸೆಂಬರ್ 29ರಂದು ಎಂ. ಎಚ್. ಪ್ರೇಮ್‌ಜಿಯವರು ವೆಸ್ಟರ್ನ್ ಇಂಡಿಯಾ ವೆಜಿಟಬಲ್ ಪ್ರಾಡಕ್ಟ್ಸ್ ಎಂಬ ಕಂಪನಿಯನ್ನು ಸ್ಥಾಪಿಸಿದರು. ಸುತ್ತಲಿನ ಖಾನದೇಶದ ರೈತರು ಬೆಳೆಯುತ್ತಿದ್ದ ಎಣ್ಣೆಕಾಳುಗಳಿಂದ ವನಸ್ಪತಿಯನ್ನು ತಯಾರಿಸುವುದು ಅದರ ಮುಖ್ಯ ಕಸುಬು. ಸನ್‌ಫ್ಲವರ್ ಹೆಸರಿನ ವನಸ್ಪತಿಯೂ, 787 ಎಂಬ ಸಂಖ್ಯೆಯನ್ನೇ ಹೆಸರಾಗಿ ಹೊತ್ತ ಬಟ್ಟೆ ಒಗೆಯುವ ಸಾಬೂನೂ ಅದರ ಮೊದಲ ಸರಕುಗಳು. ಎಣ್ಣೆ ತೆಗೆಯುವಾಗ ಉಳಿಯುವ ವಸ್ತುವಿನಿಂದಲೇ ಸಾಬೂನು ಮಾಡುವುದು ಆ ಉದ್ಯಮದಲ್ಲಿ ಸಹಜವಾದ ಮುಂದಿನ ಹೆಜ್ಜೆ.

1966ರ ಆಗಸ್ಟ್ ತಿಂಗಳಲ್ಲಿ ಸ್ಥಾಪಕರು ಅಕಾಲಿಕವಾಗಿ ತೀರಿಕೊಂಡರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಅವರ ಪುತ್ರ ಅಜೀಂ ಪ್ರೇಮ್‌ಜಿ, ಇಪ್ಪತ್ತೊಂದರ ಹರೆಯದಲ್ಲಿ ವ್ಯಾಸಂಗವನ್ನು ಅರ್ಧಕ್ಕೆ ಬಿಟ್ಟು ತಾಯ್ನಾಡಿಗೆ ಮರಳಿ ಸಂಸ್ಥೆಯ ಭಾರವನ್ನು ಹೊತ್ತರು. ಬಿಟ್ಟ ಪದವಿಯನ್ನು ಅವರು ಪೂರ್ಣಗೊಳಿಸಿದುದು ಅನೇಕ ವರ್ಷಗಳ ನಂತರ ಎಂಬುದು ವಿದ್ಯಾರ್ಥಿಗಳು ಗಮನಿಸತಕ್ಕ ಸಂಗತಿ.

ಅಮಳನೇರಿನ ಕಥೆಯಲ್ಲಿ ಇನ್ನೊಂದು ವಿಶೇಷವಿದೆ. ಆ ಊರಿನ ಅನೇಕ ಸಾಮಾನ್ಯ ಕುಟುಂಬಗಳು ಕಂಪನಿಯ ಷೇರುಗಳನ್ನು ಕೊಂಡು, ತಲೆಮಾರಿನಿಂದ ತಲೆಮಾರಿಗೆ ಕಾಪಾಡಿಕೊಂಡು ಬಂದವು. ಹೊಲ ಮಾರಿದರೂ ವಿಪ್ರೋ ಷೇರು ಮಾರಬಾರದೆಂಬ ಭಾವನೆ ಅಲ್ಲಿ ಬೇರೂರಿತು. ಮುಂದೆ ಸಂಸ್ಥೆ ಎರಡಾದಾಗ ಇಂಥ ಸಣ್ಣ ಹಿಡುವಳಿದಾರರ ಹಿತವೇನಾಯಿತು ಎಂಬ ಪ್ರಶ್ನೆಗೆ ಮಹತ್ವ ಬರುವುದು ಈ ಹಿನ್ನೆಲೆಯಿಂದಲೇ.

ಪೀಣ್ಯದ ಕಬ್ಬಿಣ

ಬೆಂಗಳೂರಿನ ಪಶ್ಚಿಮ ಭಾಗವು ಕಾರ್ಖಾನೆಗಳ ನೆಲ. ಸ್ವಾತಂತ್ರ್ಯಾನಂತರದ ಆರಂಭದ ವರ್ಷಗಳಲ್ಲಿಯೇ ರಾಜಾಜಿನಗರವು ಕೈಗಾರಿಕಾ ಬಡಾವಣೆಯಾಗಿ ಬೆಳೆಯತೊಡಗಿತು. ಮಾಗಡಿ ರಸ್ತೆಯ ಎರಡೂ ಮಗ್ಗುಲಿಗೆ ಲೇತುಗಳ ಸದ್ದು ಕೇಳಿಬರುತ್ತಿತ್ತು. 1970ರ ದಶಕದಲ್ಲಿ ಪೀಣ್ಯದ ವಿಸ್ತಾರವಾದ ಕೈಗಾರಿಕಾ ಪ್ರದೇಶವು ಅದಕ್ಕೆ ಸೇರಿಕೊಂಡಿತು. ಎಣ್ಣೆ ಸಾಬೂನುಗಳಲ್ಲಿ ಮುಳುಗಿದ್ದ ಸಂಸ್ಥೆಯು ಅದೇ ದಶಕದ ಮಧ್ಯಭಾಗದಲ್ಲಿ ಹೈಡ್ರಾಲಿಕ್ ಸಿಲಿಂಡರುಗಳ ತಯಾರಿಕೆಗೆ ಕೈಹಾಕಿತು. ಪೀಣ್ಯದ ಕಾರ್ಖಾನೆಗೆ ಆ ಉದ್ಯಮದಲ್ಲಿ ಪ್ರಮುಖ ಸ್ಥಾನ ದೊರೆಯಿತು.

ಹೈಡ್ರಾಲಿಕ್ ಸಿಲಿಂಡರು ಎಂದರೇನೆಂಬುದನ್ನು ಸಂಕ್ಷೇಪವಾಗಿ ಹೇಳುವುದು ಉಚಿತ. ಗಟ್ಟಿಯಾದ ಉಕ್ಕಿನ ಕೊಳವೆಯೊಂದರಲ್ಲಿ ಎಣ್ಣೆಯನ್ನು ಒತ್ತಡದಿಂದ ನುಗ್ಗಿಸಿದರೆ ಅದರೊಳಗಿನ ದಂಡವು ಹೊರಕ್ಕೆ ಚಾಚಿಕೊಳ್ಳುತ್ತದೆ. ದ್ರವವನ್ನು ಹಿಂಡಿ ಕುಗ್ಗಿಸುವುದು ಸುಲಭಸಾಧ್ಯವಲ್ಲವಾದ ಕಾರಣ, ಒತ್ತಡವೆಲ್ಲ ದಂಡದ ಬಲವಾಗಿ ಪರಿಣಮಿಸುತ್ತದೆ. ಮಣ್ಣು ತುಂಬಿದ ಟಿಪ್ಪರಿನ ತೊಟ್ಟಿ ಮೇಲೆದ್ದು ಬಾಗುವುದೂ, ಭೂಮಿಯನ್ನು ಅಗೆಯುವ ಯಂತ್ರವು ತನ್ನ ತೋಳನ್ನು ಮಡಚಿ ಚಾಚುವುದೂ ಈ ಸಿಲಿಂಡರಿನ ಬಲದಿಂದಲೇ. ರಸ್ತೆ, ಅಣೆಕಟ್ಟು, ಗಣಿಗಳ ಕೆಲಸ ಹೆಚ್ಚಿದಂತೆ ಇದಕ್ಕೆ ಬೇಡಿಕೆಯೂ ಹೆಚ್ಚಿತು. ಹೀಗೆ ಒಂದೇ ಕಂಪನಿಯ ಸೂರಿನಡಿ ವನಸ್ಪತಿ, ಸಾಬೂನು, ಉಕ್ಕಿನ ಸಿಲಿಂಡರು ಒಟ್ಟಿಗೆ ಬಾಳತೊಡಗಿದವು. ಕೇವಲ ಎಣ್ಣೆಯ ಕಂಪನಿ ಎಂಬ ಅರ್ಥ ಕೊಡುವ ಹಳೆಯ ಹೆಸರು ಹೊಂದದಾಯಿತು. 1977ರಲ್ಲಿ ವಿಪ್ರೋ ಪ್ರಾಡಕ್ಟ್ಸ್ ಎಂದೂ, 1982ರಲ್ಲಿ ವಿಪ್ರೋ ಲಿಮಿಟೆಡ್ ಎಂದೂ ನಾಮಾಂತರವಾಯಿತು.

ಗಣಕಯಂತ್ರದ ಪ್ರವೇಶ

1973ರ ವಿದೇಶೀ ವಿನಿಮಯ ನಿಯಂತ್ರಣ ಕಾಯಿದೆಯು ಭಾರತದಲ್ಲಿ ವ್ಯವಹರಿಸುವ ಕಂಪನಿಗಳಲ್ಲಿ ವಿದೇಶೀಯರ ಪಾಲನ್ನು ಸಾಮಾನ್ಯವಾಗಿ ಶೇಕಡಾ 40ಕ್ಕೆ ಮಿತಿಗೊಳಿಸಿತು. ಗಣಕಯಂತ್ರಗಳ ಕ್ಷೇತ್ರದಲ್ಲಿ ಅಗ್ರಗಣ್ಯವಾಗಿದ್ದ ಅಮೆರಿಕದ ಐಬಿಎಂ ಸಂಸ್ಥೆಯು ಆ ಕಟ್ಟಳೆಗೆ ಒಪ್ಪದೆ 1978ರಲ್ಲಿ ದೇಶದಿಂದ ನಿರ್ಗಮಿಸಿತು. ಬ್ಯಾಂಕುಗಳು, ಕಾರ್ಖಾನೆಗಳು, ಸಂಶೋಧನಾಲಯಗಳು ಬಾಡಿಗೆಗೆ ಪಡೆದಿದ್ದ ಯಂತ್ರಗಳಿಗೆ ಇನ್ನು ಗತಿಯೇನು ಎಂಬ ಚಿಂತೆ ಒಂದೆಡೆ. ಮಾರುಕಟ್ಟೆಯಲ್ಲಿ ಉಂಟಾದ ಶೂನ್ಯವನ್ನು ಸ್ವದೇಶೀ ಸಂಸ್ಥೆಗಳು ತುಂಬಬಹುದೆಂಬ ಆಸೆ ಇನ್ನೊಂದೆಡೆ.

ಈ ಸಂದರ್ಭವನ್ನು ಬಳಸಿಕೊಂಡವರಲ್ಲಿ ವಿಪ್ರೋ ಒಂದು. 1980ರಲ್ಲಿ ಅದು ಗಣಕಯಂತ್ರಗಳ ಉದ್ಯಮಕ್ಕೆ ಕಾಲಿಟ್ಟು ಬೆಂಗಳೂರನ್ನು ಅದರ ನೆಲೆಯಾಗಿ ಆರಿಸಿಕೊಂಡಿತು. ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ನಿನಲ್ಲಿ ಅನುಭವ ಪಡೆದಿದ್ದ ಶ್ರೀಧರ ಮಿತ್ತ ಅವರು ಸಂಶೋಧನಾ ತಂಡದ ನೇತೃತ್ವ ವಹಿಸಿದರು. ಇಂಟೆಲ್ ಸಂಸ್ಥೆಯ 8086 ಎಂಬ ಸೂಕ್ಷ್ಮ ಸಂಸ್ಕಾರಕವನ್ನು ಆಧಾರವಾಗಿಟ್ಟುಕೊಂಡು ತಂಡವು ರೂಪಿಸಿದ ಮೊದಲ ಯಂತ್ರವು 1981ರಲ್ಲಿ ಹೊರಬಂದಿತು. ಇವುಗಳ ತಯಾರಿಕೆಯು ಮೈಸೂರಿನಲ್ಲಿ ನಡೆಯಿತು. ಸಾಬೂನು ಮಾರುವವರಿಂದ ಗಣಕಯಂತ್ರವನ್ನು ಯಾರು ಕೊಂಡಾರು ಎಂಬ ಸಂಶಯ ಸಹಜವಾಗಿಯೇ ಇದ್ದಿತು. ಮಾರಿದ ಯಂತ್ರವನ್ನು ಕೆಟ್ಟಾಗ ತಪ್ಪದೆ ದುರಸ್ತಿ ಮಾಡಿಕೊಡುವುದರಿಂದ ಆ ಸಂಶಯವನ್ನು ನಿವಾರಿಸಿಕೊಳ್ಳಬೇಕಾಯಿತು. 1984ರಲ್ಲಿ ಅಶೋಕ್ ಸೂಟಾ ಅವರು ಬಂದು ಈ ವಿಭಾಗದ ಚುಕ್ಕಾಣಿ ಹಿಡಿದರು.

1991ರಲ್ಲಿ ದೇಶದ ಆರ್ಥಿಕ ನೀತಿ ಬದಲಾಯಿತು. ವಿದೇಶೀ ಯಂತ್ರಗಳಿಗೆ ಬಾಗಿಲು ತೆರೆದೊಡನೆ ಸ್ವದೇಶೀ ವಿನ್ಯಾಸದ ಗಣಕಯಂತ್ರಗಳಿಗೆ ಗಂಡಾಂತರ ಒದಗಿತು. ಯಂತ್ರಗಳನ್ನು ರೂಪಿಸುತ್ತಿದ್ದ ನುರಿತ ಇಂಜಿನಿಯರುಗಳನ್ನು ಏನು ಮಾಡಬೇಕು? ವಿಪ್ರೋ ಕಂಡುಕೊಂಡ ದಾರಿ ಕುತೂಹಲಕರವಾದುದು. ತನ್ನ ಪ್ರಯೋಗಾಲಯವನ್ನೇ ಅದು ವಿದೇಶೀ ಕಂಪನಿಗಳಿಗೆ ಬಾಡಿಗೆಗೆ ಒದಗಿಸಿತು. ಸ್ವಂತ ಯಂತ್ರಕ್ಕಾಗಿ ದುಡಿಯುತ್ತಿದ್ದ ಬುದ್ಧಿ ಪರರ ಯಂತ್ರಗಳಿಗಾಗಿ ದುಡಿಯಿತು. ಅದರೊಡನೆ ತಂತ್ರಾಂಶ ಸೇವೆಯ ರಫ್ತು ಬೆಳೆದು, ಶತಮಾನದ ಅಂತ್ಯದ ಹೊತ್ತಿಗೆ ಸಂಸ್ಥೆಯ ಉಳಿದೆಲ್ಲ ಉದ್ಯಮಗಳನ್ನೂ ಮೀರಿಸಿತು. 2000ದ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರು ವಿನಿಮಯ ಕೇಂದ್ರದಲ್ಲಿಯೂ ವಿಪ್ರೋ ಹೆಸರು ನೋಂದಣಿಯಾಯಿತು.

ಒಂದೇ ಸೂರಿನ ತೊಡಕು

ಹಾಗೆಂದು ಉಳಿದ ಉದ್ಯಮಗಳು ಸೊರಗಿರಲಿಲ್ಲ. 1985ರ ಸುಮಾರಿಗೆ ಬಂದ ಸಂತೂರ್ ಸಾಬೂನು ಮನೆಮಾತಾಯಿತು. 2003ರಲ್ಲಿ ಕೇರಳದ ಚಂದ್ರಿಕಾ, 2007ರಲ್ಲಿ ಸಿಂಗಪುರದ ಉನ್ಜಾ, 2009ರಲ್ಲಿ ಯಾರ್ಡ್‌ಲಿ ವ್ಯವಹಾರದ ಏಷ್ಯಾ ಭಾಗ ಹೀಗೆ ಒಂದೊಂದಾಗಿ ಸೇರಿಕೊಂಡವು. ಸಿಲಿಂಡರಿನ ಉದ್ಯಮವು ಪೀಣ್ಯ, ಹಿಂದೂಪುರಗಳ ಗಡಿ ದಾಟಿ 2006ರಲ್ಲಿ ಸ್ವೀಡನ್ನಿನ ಹೈಡ್ರಾಟೊ ಸಂಸ್ಥೆಯನ್ನು ಕೊಂಡಿತು. ಆದರೂ 2012ರ ವೇಳೆಗೆ ಒಟ್ಟು ವರಮಾನದಲ್ಲಿ ಮಾಹಿತಿ ತಂತ್ರಜ್ಞಾನದ ಪಾಲು ಶೇಕಡಾ 86ರಷ್ಟಿದ್ದಿತು. ಉಳಿದುದೆಲ್ಲ ಸೇರಿ ಶೇಕಡಾ 14.

ಇದರಿಂದ ಎರಡು ಬಗೆಯ ತೊಡಕುಗಳುಂಟಾದವು. ಮೊದಲನೆಯದು ಗಮನಕ್ಕೆ ಸಂಬಂಧಿಸಿದುದು. ತಂತ್ರಾಂಶದ ಉದ್ಯಮಕ್ಕೆ ಬೇಕಾದುದು ವಿದ್ಯಾವಂತ ಜನಬಲ. ಸಾಬೂನಿನ ಉದ್ಯಮಕ್ಕೆ ಬೇಕಾದುದು ಊರೂರಿನ ಅಂಗಡಿಗೆ ಸರಕು ತಲುಪಿಸುವ ಜಾಲ ಮತ್ತು ಜಾಹೀರಾತು. ಸಿಲಿಂಡರಿನ ಉದ್ಯಮಕ್ಕೆ ಬೇಕಾದುದು ಭಾರಿ ಯಂತ್ರಗಳು ಹಾಗೂ ವರ್ಷಗಟ್ಟಲೆ ಕಾಯುವ ಬಂಡವಾಳ. ಈ ಮೂರನ್ನೂ ಒಂದೇ ನಿರ್ದೇಶಕ ಮಂಡಲಿ ಒಂದೇ ಸಭೆಯಲ್ಲಿ ತೂಗಿನೋಡುವಾಗ, ಶೇಕಡಾ 14ರ ಪಾಲಿನವರಿಗೆ ಸಿಗುವ ಸಮಯವೂ ಹಣವೂ ಅಷ್ಟಕ್ಕಷ್ಟೆ. ವಿಪ್ರೋ ಷೇರನ್ನು ಕೊಳ್ಳುವವರಿಗೂ ತಾವು ಕೊಳ್ಳುತ್ತಿರುವುದು ತಂತ್ರಜ್ಞಾನವನ್ನೋ ಸಾಬೂನನ್ನೋ ಎಂಬ ಗೊಂದಲ.

ಎರಡನೆಯ ತೊಡಕು ಕಾನೂನಿನದು. ಷೇರುಪೇಟೆಯಲ್ಲಿ ನೋಂದಾಯಿತವಾದ ಖಾಸಗಿ ಕಂಪನಿಗಳಲ್ಲಿ ಕನಿಷ್ಠ ಶೇಕಡಾ 25ರಷ್ಟು ಷೇರುಗಳು ಸಾರ್ವಜನಿಕರ ಕೈಯಲ್ಲಿರಬೇಕೆಂಬ ನಿಯಮವನ್ನು 2010ರಲ್ಲಿ ಕೇಂದ್ರ ಸರ್ಕಾರ ಜಾರಿಗೆ ತಂದು, ಅದಕ್ಕೆ 2013ರ ಜೂನ್ ತಿಂಗಳಿನ ಗಡುವು ವಿಧಿಸಿದ್ದಿತು. ವಿಪ್ರೋದಲ್ಲಿ ಪ್ರವರ್ತಕರ ಪಾಲು ಶೇಕಡಾ 78ರಷ್ಟಿದ್ದಿತು. ಅದು ಶೇಕಡಾ 75ಕ್ಕೆ ಇಳಿಯಲೇಬೇಕಾಗಿದ್ದಿತು.

ಪಾಲುಪಟ್ಟಿಯ ರಚನೆ

2012ರ ನವೆಂಬರ್ 1ರಂದು ನಿರ್ದೇಶಕ ಮಂಡಲಿಯು ವಿಭಜನೆಯ ಯೋಜನೆಗೆ ಒಪ್ಪಿಗೆ ನೀಡಿತು. ಅದರಂತೆ ಮಾಹಿತಿ ತಂತ್ರಜ್ಞಾನವು ವಿಪ್ರೋ ಲಿಮಿಟೆಡ್ಡಿನಲ್ಲಿಯೇ ಉಳಿಯತಕ್ಕದ್ದು. ಸಾಬೂನು, ದೀಪ ಮೊದಲಾದ ಗೃಹಬಳಕೆಯ ಸರಕುಗಳು, ಪೀಣ್ಯದ ಸಿಲಿಂಡರು ಸೇರಿದಂತೆ ಇಂಜಿನಿಯರಿಂಗ್ ವಿಭಾಗ, ವೈದ್ಯಕೀಯ ಉಪಕರಣಗಳ ವ್ಯವಹಾರದಲ್ಲಿನ ಪಾಲು ಇವೆಲ್ಲ ವಿಪ್ರೋ ಎಂಟರ್‌ಪ್ರೈಸಸ್ ಎಂಬ ಬೇರೆ ಕಂಪನಿಗೆ ಸೇರತಕ್ಕದ್ದು. ಈ ಎರಡನೆಯ ಕಂಪನಿಯ ಷೇರುಗಳು ಷೇರುಪೇಟೆಯಲ್ಲಿ ಕೊಳ್ಳುವ ಮಾರುವ ವಸ್ತುಗಳಾಗುವುದಿಲ್ಲವೆಂಬುದು ಯೋಜನೆಯ ಮುಖ್ಯಾಂಶ.

ಇಂಥ ಯೋಜನೆಗೆ ಮಂಡಲಿಯ ಒಪ್ಪಿಗೆಯೊಂದೇ ಸಾಲದು. ಅಂದು ಜಾರಿಯಲ್ಲಿದ್ದ 1956ರ ಕಂಪನಿ ಕಾಯಿದೆಯ 391ರಿಂದ 394ರವರೆಗಿನ ವಿಧಿಗಳ ಪ್ರಕಾರ, ಷೇರುದಾರರ ಸಭೆಯಲ್ಲಿ ಮತ ನೀಡಿದವರ ಪೈಕಿ ಸಂಖ್ಯೆಯಲ್ಲಿ ಬಹುಮತವೂ ಮೌಲ್ಯದಲ್ಲಿ ನಾಲ್ಕರಲ್ಲಿ ಮೂರು ಪಾಲೂ ಯೋಜನೆಯ ಪರವಾಗಿರಬೇಕು. ಸಾಲ ಕೊಟ್ಟವರ ಹಿತಕ್ಕೆ ಧಕ್ಕೆ ಬರಬಾರದು. ಕೊನೆಗೆ ಉಚ್ಚ ನ್ಯಾಯಾಲಯವು ಎಲ್ಲವನ್ನೂ ಪರಿಶೀಲಿಸಿ ಮುದ್ರೆಯೊತ್ತಬೇಕು. ಹಳ್ಳಿಯ ಪಂಚರ ಸ್ಥಾನದಲ್ಲಿ ಇಲ್ಲಿ ನ್ಯಾಯಮೂರ್ತಿಗಳು. ಕರ್ನಾಟಕದ ಉಚ್ಚ ನ್ಯಾಯಾಲಯವು 2013ರ ಮಾರ್ಚ್ ತಿಂಗಳಲ್ಲಿ ಸಮ್ಮತಿಯಿತ್ತಿತು. ಅದೇ ತಿಂಗಳ 31ರಂದು ವಿಭಜನೆ ಜಾರಿಗೆ ಬಂದಿತು. 2016ರ ಡಿಸೆಂಬರಿನಿಂದೀಚೆಗೆ ಈ ಅಧಿಕಾರವು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಾಧಿಕರಣಕ್ಕೆ ವರ್ಗವಾಗಿದೆ.

ಸಣ್ಣ ಷೇರುದಾರನ ಮುಂದೆ ಮೂರು ದಾರಿ

ವಿಭಜನೆಯ ನ್ಯಾಯಾನ್ಯಾಯಗಳನ್ನು ಅಳೆಯಬೇಕಾದುದು ಅತ್ಯಂತ ಚಿಕ್ಕ ಪಾಲುಗಾರನಿಗೆ ಏನು ದೊರೆಯಿತು ಎಂಬುದರಿಂದ. ದೊಡ್ಡವರಿಗೆ ಲೆಕ್ಕಿಗರೂ ವಕೀಲರೂ ಇರುತ್ತಾರೆ. ಅಮಳನೇರಿನ ಕುಟುಂಬವೊಂದಕ್ಕಾಗಲಿ, ರಾಜಾಜಿನಗರದ ನಿವೃತ್ತ ಕಾರ್ಮಿಕನೊಬ್ಬನಿಗಾಗಲಿ ಇರುವುದು ಅಂಚೆಯಲ್ಲಿ ಬಂದ ಒಂದು ದಪ್ಪನೆಯ ಲಕೋಟೆ ಮಾತ್ರ.

ಯೋಜನೆಯು ಮೂರು ಆಯ್ಕೆಗಳನ್ನು ಒದಗಿಸಿತು. ಎರಡು ರೂಪಾಯಿ ಮುಖಬೆಲೆಯ ಪ್ರತಿ ಐದು ವಿಪ್ರೋ ಷೇರುಗಳಿಗೆ, ಹತ್ತು ರೂಪಾಯಿ ಮುಖಬೆಲೆಯ ವಿಪ್ರೋ ಎಂಟರ್‌ಪ್ರೈಸಸ್ಸಿನ ಒಂದು ಷೇರನ್ನು ಪಡೆಯುವುದು ಮೊದಲನೆಯದು. ಅದರ ಬದಲು ಶೇಕಡಾ 7ರ ಲಾಭಾಂಶವುಳ್ಳ, 50 ರೂಪಾಯಿ ಮುಖಬೆಲೆಯ ಆದ್ಯತಾ ಷೇರೊಂದನ್ನು ಪಡೆದು, ಹನ್ನೆರಡು ತಿಂಗಳ ನಂತರ 235 ರೂಪಾಯಿ 20 ಪೈಸೆಗೆ ನಗದು ಮಾಡಿಕೊಳ್ಳುವುದು ಎರಡನೆಯದು. ತನಗೆ ಬರಬೇಕಾದ ವಿಪ್ರೋ ಎಂಟರ್‌ಪ್ರೈಸಸ್ ಷೇರುಗಳನ್ನು ಪ್ರವರ್ತಕರಿಗೆ ಬಿಟ್ಟುಕೊಟ್ಟು, ಅಂಥ ಪ್ರತಿ 1.65 ಷೇರಿಗೆ ಅವರ ಬಳಿಯಿದ್ದ ವಿಪ್ರೋ ಲಿಮಿಟೆಡ್ಡಿನ ಒಂದು ಷೇರನ್ನು ಪಡೆಯುವುದು ಮೂರನೆಯದು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಒಬ್ಬನ ಬಳಿ 825 ವಿಪ್ರೋ ಷೇರುಗಳಿದ್ದುವೆಂದು ಇಟ್ಟುಕೊಳ್ಳಬಹುದು. ಮೂರು ದಾರಿಗಳಲ್ಲಿ ಯಾವುದನ್ನು ಹಿಡಿದರೂ ಆ 825 ಷೇರುಗಳು ಅವನಲ್ಲಿಯೇ ಉಳಿಯುತ್ತವೆ. ಹೆಚ್ಚುವರಿಯಾಗಿ, ಮೊದಲ ದಾರಿಯಲ್ಲಿ 165 ವಿಪ್ರೋ ಎಂಟರ್‌ಪ್ರೈಸಸ್ ಷೇರುಗಳು ಬರುತ್ತವೆ. ಎರಡನೆಯದರಲ್ಲಿ 165 ಆದ್ಯತಾ ಷೇರುಗಳು ಬಂದು, ವರ್ಷದ ಬಳಿಕ 38,808 ರೂಪಾಯಿ ಕೈಸೇರುತ್ತದೆ. ಮೂರನೆಯದರಲ್ಲಿ 100 ವಿಪ್ರೋ ಷೇರುಗಳು ಸೇರಿ ಒಟ್ಟು 925 ಆಗುತ್ತವೆ.

ಮೇಲ್ನೋಟಕ್ಕೆ ಮೂರೂ ಸಮಾನವೆಂದು ತೋರಿದರೂ ಒಳಗಿನ ಗುಣ ಬೇರೆ ಬೇರೆ. ಮೊದಲ ದಾರಿಯಲ್ಲಿ ಬರುವ ಷೇರಿಗೆ ಪೇಟೆಯಿಲ್ಲ. ಮಗಳ ಮದುವೆಗೋ ಔಷಧೋಪಚಾರಕ್ಕೋ ಹಣ ಬೇಕಾದಾಗ ಮಾರಲು ಹೊರಟರೆ ಕೊಳ್ಳುವವನನ್ನು ಹುಡುಕಬೇಕು, ದಿನದ ಧಾರಣೆ ತಿಳಿಯುವುದಿಲ್ಲ. ಆದರೆ ಸಾಬೂನು ಸಿಲಿಂಡರುಗಳ ಮುಂದಿನ ಬೆಳವಣಿಗೆಯಲ್ಲಿ ಪಾಲಿರುತ್ತದೆ. ಎರಡನೆಯ ದಾರಿಯಲ್ಲಿ ಹಣ ನಿಶ್ಚಿತ, ಆದರೆ ಆ ಉದ್ಯಮಗಳೊಡನೆ ಸಂಬಂಧ ಅಲ್ಲಿಗೆ ಮುಗಿಯುತ್ತದೆ. ಮೂರನೆಯದರಲ್ಲಿ ಸಿಗುವ ಷೇರನ್ನು ಬೇಕಾದಾಗ ಮಾರಬಹುದು, ಆದರೆ ತಂತ್ರಜ್ಞಾನದ ಏರಿಳಿತಗಳಿಗೆ ಪೂರ್ಣವಾಗಿ ಒಪ್ಪಿಸಿಕೊಂಡಂತೆ. ಎಲ್ಲ ಷೇರುದಾರರಿಗೂ ಹೊಂದುವ ಒಂದೇ ಉತ್ತರ ಇಲ್ಲಿ ಇರಲಿಲ್ಲ. ಆಯ್ಕೆ ಷೇರುದಾರನದೇ ಆದರೂ ಆ ಆಯ್ಕೆಗೆ ಬೇಕಾದ ತಿಳಿವಳಿಕೆಯನ್ನು ಅವನೇ ಸಂಪಾದಿಸಿಕೊಳ್ಳಬೇಕಾಗಿದ್ದಿತು. ಲಕೋಟೆಯ ಒಳಗಿನ ಕಾಗದವನ್ನು ಓದಿ ಅರ್ಥಮಾಡಿಕೊಳ್ಳುವ ಸಾಮರ್ಥ್ಯವೂ ಒಂದು ಆಸ್ತಿಯೇ ಎಂಬುದನ್ನು ಈ ಪ್ರಸಂಗ ತೋರಿಸುತ್ತದೆ.

ಮೂರನೆಯ ಆಯ್ಕೆಯಿಂದ ಇನ್ನೊಂದು ಪ್ರಯೋಜನವೂ ಸಿದ್ಧಿಸಿತು. ಪ್ರವರ್ತಕರ ಕೈಯಿಂದ ವಿಪ್ರೋ ಷೇರುಗಳು ಸಾರ್ವಜನಿಕರ ಕೈಗೆ ಹೋದುದರಿಂದ, ಶೇಕಡಾ 75ರ ಮಿತಿಯೊಳಗೆ ಬರುವುದು ಸುಲಭವಾಯಿತು.

ನೌಕರರ ವಿಷಯವಾಗಿಯೂ ಒಂದು ಮಾತು ಅಗತ್ಯ. ವಿಭಜನೆಯ ಯೋಜನೆಗಳಲ್ಲಿ ಸಾಮಾನ್ಯವಾಗಿ, ವರ್ಗವಾಗುವ ಉದ್ಯಮದ ನೌಕರರ ಸೇವೆ ಮುರಿಯದೆ ಮುಂದುವರಿಯಬೇಕು, ಭವಿಷ್ಯನಿಧಿ ಹಾಗೂ ಉಪದಾನಗಳಿಗೆ ಹಳೆಯ ಸೇವಾವಧಿಯೂ ಲೆಕ್ಕಕ್ಕೆ ಬರಬೇಕು, ಸಂಬಳ ಸೌಲಭ್ಯಗಳು ಮೊದಲಿಗಿಂತ ಕಡಿಮೆಯಾಗಬಾರದು ಎಂಬ ಷರತ್ತುಗಳಿರುತ್ತವೆ. ಕಾಗದದ ಮೇಲೆ ಬದಲಾಗುವುದು ಯಜಮಾನನ ಹೆಸರೊಂದೇ. ಆದರೆ ಇಂಥ ರಕ್ಷಣೆ ವಿಭಜನೆಯ ದಿನಕ್ಕೆ ಸಂಬಂಧಿಸಿದುದು. ಅನಂತರದ ವರ್ಷಗಳಲ್ಲಿ ಕಾರ್ಖಾನೆ ಬೆಳೆಯುವುದೋ ಕುಗ್ಗುವುದೋ ಎಂಬುದನ್ನು ಯಾವ ಯೋಜನೆಯೂ ಬರೆದುಕೊಡಲಾರದು.

ವಿಭಜನೆಯ ಫಲ

ಬೇರೆಯಾದ ಅದೇ 2013ರ ಸೆಪ್ಟೆಂಬರಿನಲ್ಲಿ ವಿಪ್ರೋ ಲಿಮಿಟೆಡ್ ತನ್ನ ಹೆಸರಿನ ಗಣಕಯಂತ್ರಗಳ ತಯಾರಿಕೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. 1981ರಲ್ಲಿ ತನ್ನನ್ನು ಈ ಕ್ಷೇತ್ರಕ್ಕೆ ಕರೆತಂದ ಯಂತ್ರವನ್ನೇ ಅದು ಬಿಟ್ಟಿತು. ಸೇವೆಯೊಂದೇ ಅದರ ಕಸುಬಾಗಿ ಉಳಿಯಿತು. 2017ರಲ್ಲಿ ಹಳೆಯ ಹೂವಿನ ಲಾಂಛನವೂ ಬದಲಾಯಿತು. 2019ರ ಜುಲೈ ಅಂತ್ಯದಲ್ಲಿ ಅಜೀಂ ಪ್ರೇಮ್‌ಜಿಯವರು ಅಧ್ಯಕ್ಷಸ್ಥಾನದಿಂದ ನಿವೃತ್ತರಾಗಿ ಅವರ ಪುತ್ರ ರಿಷದ್ ಪ್ರೇಮ್‌ಜಿ ಆ ಸ್ಥಾನಕ್ಕೆ ಬಂದರು.

ಸಂಪೂರ್ಣ ಗಮನ ನೀಡಿದ ಮಾತ್ರಕ್ಕೆ ಸಂಪೂರ್ಣ ಜಯ ಲಭಿಸುತ್ತದೆಯೇ? ಇತಿಹಾಸದ ಉತ್ತರ ಮಿಶ್ರವಾಗಿದೆ. ವಿಪ್ರೋದ ವರಮಾನವು 2024-25ರಲ್ಲಿ ಸುಮಾರು 89,000 ಕೋಟಿ ರೂಪಾಯಿಗಳಿಗೆ ಬೆಳೆದಿದ್ದಿತು. ಎರಡು ಲಕ್ಷಕ್ಕೂ ಮೀರಿದ ನೌಕರರಿದ್ದರು. ಆದರೆ ಭಾರತೀಯ ಸಂಸ್ಥೆಗಳ ಸಾಲಿನಲ್ಲಿ ಅದಕ್ಕಿದ್ದ ಮೂರನೆಯ ಸ್ಥಾನವು 2018ರಲ್ಲಿ ಎಚ್‌ಸಿಎಲ್ ಪಾಲಾಯಿತು. 2016ರಿಂದ 2024ರ ನಡುವೆ ಮುಖ್ಯ ಕಾರ್ಯನಿರ್ವಾಹಕರು ಮೂರು ಬಾರಿ ಬದಲಾದರು. ಇತ್ತ, ಕಿರಿಯ ಪಾಲೆಂದು ಬೇರೆ ಹಾಕಲ್ಪಟ್ಟ ಗೃಹಬಳಕೆಯ ಸರಕುಗಳ ಉದ್ಯಮವು 2022-23ರಲ್ಲಿ 10,000 ಕೋಟಿ ರೂಪಾಯಿಗಳ ವರಮಾನವನ್ನು ದಾಟಿತು. ಕೇರಳದ ನಿರಪರ, ಬ್ರಾಹ್ಮಿನ್ಸ್ ಎಂಬ ಆಹಾರ ಪದಾರ್ಥಗಳ ಹೆಸರುಗಳನ್ನೂ ಕೊಂಡು ಅಡುಗೆಮನೆಯತ್ತ ಮರಳಿ ಹೆಜ್ಜೆಯಿಟ್ಟಿತು. ವನಸ್ಪತಿಯಿಂದ ಹೊರಟ ಮನೆತನಕ್ಕೆ ಅಡುಗೆಮನೆ ಹೊಸದೇನಲ್ಲ. ದೊಡ್ಡ ಮರದ ನೆರಳಿನಿಂದ ಈಚೆಗೆ ನೆಟ್ಟ ಸಸಿ ಚಿಗುರಿದುದಕ್ಕೆ ಇದು ನಿದರ್ಶನವೆನ್ನಬಹುದು.

ಎರಡೂ ಕಂಪನಿಗಳ ಲಾಭದ ಬಹುಭಾಗ ಎಲ್ಲಿಗೆ ಹರಿಯುತ್ತದೆಂಬುದೂ ಶಾಲೆಯ ಪುಟಗಳಲ್ಲಿ ಸ್ಮರಣೀಯ. 2019ರ ಮಾರ್ಚ್ ತಿಂಗಳಲ್ಲಿ ಅಜೀಂ ಪ್ರೇಮ್‌ಜಿಯವರು ವಿಪ್ರೋ ಷೇರುಗಳಲ್ಲಿ ಮತ್ತೆ ಶೇಕಡಾ 34ರಷ್ಟರ ಆರ್ಥಿಕ ಫಲವನ್ನು ತಮ್ಮ ಪ್ರತಿಷ್ಠಾನದ ಸೇವಾಕಾರ್ಯಕ್ಕೆ ಮೀಸಲಿಟ್ಟರು. ಅದರ ಅಂದಿನ ಮೌಲ್ಯ 52,750 ಕೋಟಿ ರೂಪಾಯಿ. ಹಿಂದೆ ಕೊಟ್ಟುದೂ ಸೇರಿ ಕಂಪನಿಯ ಶೇಕಡಾ 67ರಷ್ಟು ಷೇರುಗಳ ಫಲ ಹೀಗೆ ಮೀಸಲಾಯಿತು. ಯಾದಗಿರಿಯಂಥ ಜಿಲ್ಲೆಗಳ ಸರ್ಕಾರಿ ಶಾಲೆಗಳಲ್ಲಿ ಆ ಪ್ರತಿಷ್ಠಾನದ ಕಾರ್ಯಕರ್ತರು ಶಿಕ್ಷಕರೊಡನೆ ದುಡಿಯುತ್ತಿದ್ದಾರೆ.

ಕೆಂಗೇರಿಯ ದಾರಿಯಲ್ಲಿ ಮತ್ತೊಂದು ಕವಲು

ನ್ಯಾಯಾಲಯದ ಮುದ್ರೆಯಿಲ್ಲದೆ ನಡೆಯುವ ವಿಭಜನೆಯೂ ಉಂಟು. ಜನರೇ ಹೊರಟುಹೋಗಿ ಹೊಸ ಮನೆ ಕಟ್ಟುವುದು ಅದರ ಬಗೆ. ವಿಪ್ರೋದ ಗಣಕ ವಿಭಾಗವನ್ನು ಹದಿನೈದು ವರ್ಷ ಬೆಳೆಸಿದ ಅಶೋಕ್ ಸೂಟಾ ಅವರು 1999ರ ಆಗಸ್ಟಿನಲ್ಲಿ, ಸುಬ್ರೊತೊ ಬಾಗ್ಚಿಯವರೂ ಸೇರಿದಂತೆ ಒಟ್ಟು ಹತ್ತು ಮಂದಿ ಕೂಡಿ, ಮೈಂಡ್‌ಟ್ರೀ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಮೊದಲ ಲಾಂಛನವನ್ನು ರೂಪಿಸಿದವನು ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕದ ಒಬ್ಬ ವಿದ್ಯಾರ್ಥಿ. ಕಾಫಿ ಉದ್ಯಮಿ ವಿ. ಜಿ. ಸಿದ್ಧಾರ್ಥ ಅವರ ಸಮೂಹವು ಮೈಸೂರು ರಸ್ತೆಯಲ್ಲಿ, ಕೆಂಗೇರಿಗೆ ಹೋಗುವ ದಾರಿಯ ಪಟ್ಟಣಗೆರೆಯ ಬಳಿ ಅಭಿವೃದ್ಧಿಪಡಿಸಿದ ಗ್ಲೋಬಲ್ ವಿಲೇಜ್ ಆವರಣದಲ್ಲಿ ಅದರ ಪ್ರಧಾನ ಕಚೇರಿ ನೆಲೆಗೊಂಡಿತು. ನಗರದ ಪೂರ್ವ, ದಕ್ಷಿಣಗಳಲ್ಲಿಯೇ ನೆಲೆಯೂರಿದ್ದ ತಂತ್ರಾಂಶೋದ್ಯಮಕ್ಕೆ ಪಶ್ಚಿಮದಲ್ಲಿಯೂ ಒಂದು ಗಟ್ಟಿ ನೆಲೆ ಸಿಕ್ಕಂತಾಯಿತು.

ಆದರೆ ಮುಂದಿನ ಅಧ್ಯಾಯ ತದ್ವಿರುದ್ಧವಾದುದು. 2019ರ ಮಾರ್ಚ್ ತಿಂಗಳಲ್ಲಿ ಲಾರ್ಸೆನ್ ಅಂಡ್ ಟೂಬ್ರೊ ಸಂಸ್ಥೆಯು ಸಿದ್ಧಾರ್ಥ ಅವರ ಶೇಕಡಾ 20.32ರ ಪಾಲನ್ನು ಷೇರೊಂದಕ್ಕೆ 980 ರೂಪಾಯಿಯಂತೆ ಕೊಂಡು, ಸ್ಥಾಪಕರ ವಿರೋಧವಿದ್ದರೂ ಪೇಟೆಯಿಂದ ಮತ್ತಷ್ಟು ಷೇರು ಸಂಗ್ರಹಿಸಿ, ಕೆಲವೇ ತಿಂಗಳುಗಳಲ್ಲಿ ಮೈಂಡ್‌ಟ್ರೀಯ ಒಡೆತನ ಪಡೆಯಿತು. 2022ರ ನವೆಂಬರ್ 14ರಂದು ಅದು ಮುಂಬಯಿಯ ಎಲ್ ಅಂಡ್ ಟಿ ಇನ್ಫೊಟೆಕ್ಕಿನೊಡನೆ ವಿಲೀನಗೊಂಡಿತು. ಸೂಟಾ ಅವರಾದರೋ 2011ರಲ್ಲಿಯೇ ಮೈಂಡ್‌ಟ್ರೀಯನ್ನು ಬಿಟ್ಟು, ಎಪ್ಪತ್ತರ ಸಮೀಪದ ವಯಸ್ಸಿನಲ್ಲಿ ಹ್ಯಾಪಿಯೆಸ್ಟ್ ಮೈಂಡ್ಸ್ ಎಂಬ ಇನ್ನೊಂದು ಸಂಸ್ಥೆಯನ್ನು ಕಟ್ಟಿದ್ದರು.

ವಿಶಾಲ ಜಗತ್ತಿನಲ್ಲಿ

ಇದೇ ಬಗೆಯ ಪಾಲುಪಟ್ಟಿಗಳು ಹೊರನಾಡುಗಳಲ್ಲಿಯೂ ಬರೆಯಲ್ಪಟ್ಟಿವೆ. 1939ರಲ್ಲಿ ಕಾರು ನಿಲ್ಲಿಸುವ ಕೊಟ್ಟಿಗೆಯಲ್ಲಿ ಹುಟ್ಟಿದ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯು 2015ರ ನವೆಂಬರ್ 1ರಂದು ಎರಡಾಯಿತು. ಮನೆ ಮತ್ತು ಕಚೇರಿಗಳ ಗಣಕಯಂತ್ರ, ಮುದ್ರಣಯಂತ್ರಗಳು ಒಂದಕ್ಕೆ. ದೊಡ್ಡ ಉದ್ಯಮಗಳಿಗೆ ಬೇಕಾದ ಯಂತ್ರ ಮತ್ತು ಸೇವೆಗಳು ಇನ್ನೊಂದಕ್ಕೆ. 1978ರಲ್ಲಿ ಭಾರತವನ್ನು ಬಿಟ್ಟು, 1992ರಲ್ಲಿ ಟಾಟಾ ಸಂಸ್ಥೆಯ ಜೊತೆಗೂಡಿ ಬೆಂಗಳೂರಿಗೆ ಮರಳಿದ ಐಬಿಎಂ ಕೂಡ 2021ರ ನವೆಂಬರಿನಲ್ಲಿ ತನ್ನ ಗ್ರಾಹಕರ ಯಂತ್ರಜಾಲಗಳನ್ನು ನೋಡಿಕೊಳ್ಳುವ ವಿಭಾಗವನ್ನು ಕಿಂಡ್ರಿಲ್ ಎಂಬ ಹೆಸರಿನಲ್ಲಿ ಬೇರೆ ಮಾಡಿತು. ಅಲ್ಲಿಯೂ ಐದು ಹಳೆಯ ಷೇರುಗಳಿಗೆ ಒಂದು ಹೊಸ ಷೇರು. ಬೆಂಗಳೂರಿನದೇ ಆದ ಕ್ವೆಸ್ ಕಾರ್ಪ್ 2025ರಲ್ಲಿ ಮೂರಾಗಿ, ವ್ಯವಹಾರ ಸೇವೆ ಮತ್ತು ತಂತ್ರಜ್ಞಾನದ ಭಾಗವು ಡಿಜಿಟೈಡ್ ಸಲ್ಯೂಷನ್ಸ್ ಎಂಬ ಸ್ವತಂತ್ರ ಕಂಪನಿಯಾಯಿತು. ಅದರ ಷೇರುಗಳು ಪೇಟೆಯಲ್ಲಿಯೂ ನೋಂದಾಯಿತವಾದವು. ವಿಪ್ರೋ ಎಂಟರ್‌ಪ್ರೈಸಸ್ಸಿನ ಷೇರುದಾರನಿಗೆ ಇಲ್ಲದಿದ್ದ ಅನುಕೂಲ ಇದು.

ಈ ಎಲ್ಲ ಪ್ರಸಂಗಗಳನ್ನು ಒಟ್ಟಿಗಿಟ್ಟು ನೋಡಿದಾಗ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ವಿಭಜನೆಯಿಂದ ಹೊಸ ಸಂಪತ್ತು ಆ ದಿನವೇ ಹುಟ್ಟುವುದಿಲ್ಲ. ಇದ್ದುದನ್ನು ಯಾರು ನೋಡಿಕೊಳ್ಳಬೇಕೆಂಬುದು ಮಾತ್ರ ತೀರ್ಮಾನವಾಗುತ್ತದೆ. ಹಿರಿಯ ಪಾಲು ದೊಡ್ಡದೆಂಬ ಕಾರಣಕ್ಕೇ ಮುಂದೆ ಹೆಚ್ಚು ಏಳಿಗೆ ಹೊಂದುವುದೆಂಬ ಭರವಸೆಯಿಲ್ಲ. ಪತ್ರ ಎಷ್ಟೇ ಸಮರ್ಪಕವಾಗಿದ್ದರೂ ಅದನ್ನು ಓದಿ ತಿಳಿಯದವನಿಗೆ ಅದರ ರಕ್ಷಣೆ ಪೂರ್ಣವಾಗಿ ದೊರೆಯುವುದಿಲ್ಲ.

ನಮ್ಮ ಮೆಟ್ರೊದ ಹಸಿರು ಮಾರ್ಗದಲ್ಲಿ ರಾಜಾಜಿನಗರದಿಂದ ಪೀಣ್ಯಕ್ಕೂ, ನೇರಳೆ ಮಾರ್ಗದಲ್ಲಿ ವಿಜಯನಗರದಿಂದ ಪಟ್ಟಣಗೆರೆ, ಕೆಂಗೇರಿಗಳಿಗೂ ಪ್ರತಿದಿನ ಸಹಸ್ರಾರು ಮಂದಿ ಕೆಲಸಕ್ಕೆ ತೆರಳುತ್ತಾರೆ. ಅವರಲ್ಲಿ ಈ ಶಾಲೆಯಂಥ ಶಾಲೆಗಳಲ್ಲಿ ಓದಿ ಮುಂದೆ ಬಂದವರೂ ಅನೇಕರು. ಒಂದು ದಿನ ಅವರ ಕಚೇರಿಯ ಹೆಸರಿನ ಫಲಕ ಬದಲಾಗಿ, ಕೈಗೊಂದು ಲಕೋಟೆ ಬರುವ ಸಂಭವ ಇದ್ದೇ ಇದೆ. ಅಂದು ಆ ಲಕೋಟೆಯನ್ನು ಬದಿಗಿಡದೆ, ಒಳಗಿನ ಕಾಗದವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ, ತನ್ನ ಪಾಲೇನು, ತನ್ನ ಸೇವೆಯ ವರ್ಷಗಳು ಎಲ್ಲಿ ದಾಖಲಾಗಿವೆ ಎಂದು ಕೇಳುವ ಧೈರ್ಯವುಳ್ಳ ನಾಗರಿಕನನ್ನು ಸಿದ್ಧಪಡಿಸುವುದು ವಿದ್ಯಾಲಯದ ಹೊಣೆಗಳಲ್ಲೊಂದು.